ಪೋಲಾಳ ನಾಲ್ಕನೇ ಪ್ರಶ್ನೆ

ಪೋಲಾ ಗುರ್ಸ್ಕಾಗೆ ಭಾನುವಾರ ಬಂತೆಂದರೆ ಮೈಯೆಲ್ಲ ಉರಿ. ಬೆಳಿಗ್ಗೆ ಚರ್ಚಿನಲ್ಲಿ ಮೊಣಕಾಲೂರಿ ಕಣ್ಣು ಮುಚ್ಚಿದ್ದ ಗಣಿಯ ಗಂಡಸರೇ ಮಧ್ಯಾಹ್ನ ಬೂದಿ ಮೈದಾನದಲ್ಲಿ ಒಬ್ಬರ ತಲೆ ಒಬ್ಬರು ಒಡೆಯಲು ನಿಲ್ಲುತ್ತಿದ್ದರು. ಒಬ್ಬ ಚೆಂಡನ್ನು ಎದೆಗವಚಿಕೊಂಡು ಓಡಬೇಕು, ಉಳಿದವರು ಅವನನ್ನು ಕೆಡವಬೇಕು. ಇದಕ್ಕೆ ಫುಟ್‌ಬಾಲ್ ಅಂತ ಹೆಸರು. ಇದಕ್ಕೊಂದು ಕಲ್ಲಿದ್ದಲು ಊರುಗಳ ಲೀಗು, ಆ ಲೀಗು ಗೆದ್ದವರಿಗೊಂದು ಕಪ್ಪು, ಆ ಕಪ್ಪಿಗಾಗಿ ಪಕ್ಕದ ಊರಿನವರ ಜೊತೆ ವರ್ಷವಿಡೀ ಮಾತು ಬಿಡುವುದು. ಥೂ, ಏನು ಜನವೋ!

ಅವಳ ತಮ್ಮ ಲುದ್ವಿಕ್ ಇದೇ ಮೈದಾನದಲ್ಲಿ ಪೆಟ್ಟು ತಿಂದು ಸತ್ತವನು. ದೇಶದಲ್ಲಿ ಈ ಆಟದಿಂದ ಹೆಣ ಬಿದ್ದೂ ಬಿದ್ದೂ, ಕೊನೆಗೆ ದೇಶದ ಅಧ್ಯಕ್ಷರೇ ಈ ಆಟ ಆಡುವ ದೊಡ್ಡ ಕಾಲೇಜಿನವರನ್ನು ಕರೆಸಿ ಬುದ್ಧಿ ಹೇಳಿದ್ದರು. ಗುಂಪುಗುಂಪಾಗಿ ಮೈಮೇಲೆ ಬೀಳುವುದು ಕಡಿಮೆಯಾಗಲೆಂದು ನಿಯಮ ತಿದ್ದಿ, ಚೆಂಡನ್ನು ಮುಂದಕ್ಕೆ ಎಸೆಯಲು ಬಿಟ್ಟಿದ್ದರು. ಲುದ್ವಿಕ್ ಸತ್ತದ್ದು ಅದೆಲ್ಲ ಆದ ಮೇಲೆ. ಪೆಟ್ಟು ಬಿದ್ದರೂ ಎದ್ದು ಆಟ ಮುಗಿಸಿದ, ಮನೆಗೆ ಬಂದು ಸಾರು ಬೇಡ ಅಂದ, ಬೆಳಗಾಗುವಷ್ಟರಲ್ಲಿ ಇರಲಿಲ್ಲ. ಊರಿನವರು ಅವನ ಫೋಟೋವನ್ನು ಹೆಂಡದಂಗಡಿಯ ಗೋಡೆಗೆ ತೂಗುಹಾಕಿ ಕೈ ತೊಳೆದುಕೊಂಡರು.

ಗಂಡ ತೀರಿಕೊಂಡ ಮೇಲೆ ಜೋಡು ಹೊಲಿಯುವ ಅಂಗಡಿಯನ್ನು ಪೋಲಾಳೇ ನಡೆಸುತ್ತಿದ್ದಳು. ಉಳಿದ ತೊಗಲಿನಲ್ಲಿ ತಂಡದವರಿಗೆಲ್ಲ ತಲೆಗೆ ದಪ್ಪನೆಯ ಟೋಪಿ ಹೊಲಿದುಕೊಟ್ಟಳು. ಹಾಕಿಕೊಳ್ಳಲೇಬೇಕೆಂಬ ನಿಯಮ ಇರಲಿಲ್ಲವಾದ್ದರಿಂದ ಯಾರೂ ಹಾಕಿಕೊಳ್ಳಲಿಲ್ಲ. ಅವಳ ಮಗ ಕಾಜಿಕ್ ಮನೆಯಿಂದ ಹಾಕಿಕೊಂಡು ಹೊರಟವನು ಮೈದಾನದಲ್ಲಿ ತೆಗೆದು ಬೆಂಚಿನ ಕೆಳಗೆ ತಳ್ಳುತ್ತಿದ್ದ.

"ಅಜ್ಜಿ ಥರ ಕಾಣ್ತೀಯ ಅಂತಾರಮ್ಮ."

"ಅನ್ಲಿ ಬಿಡೋ! ಅಜ್ಜಿ ಆಗೋವರೆಗಾದ್ರೂ ಬದುಕಿರ್ತೀಯ!"

ಇದರ ಮೇಲೆ ಇನ್ನೊಂದು ದರಿದ್ರ ನಿಯಮ. ಒಮ್ಮೆ ಆಚೆ ಬಂದವನು ಆಟದ ಆ ಅರ್ಧ ಮುಗಿಯುವವರೆಗೆ ಒಳಗೆ ಹೋಗುವಂತಿಲ್ಲ. ಹಾಗಾಗಿ ಕಾಲು ಮುರಿದರೂ ಯಾರೂ ಆಚೆ ಬರುತ್ತಿರಲಿಲ್ಲ. ತಲೆಗೆ ಪೆಟ್ಟು ಬಿದ್ದವನನ್ನು ಪರೀಕ್ಷಿಸಲು ಡಾಕ್ಟರ್ ಬೆವನ್ ಇದ್ದರು. ಒಳ್ಳೆಯ ಮನುಷ್ಯ, ಆದರೆ ಕೇಳುತ್ತಿದ್ದದ್ದು ಅದೇ ಮೂರು ಪ್ರಶ್ನೆ: ಇವತ್ತು ಯಾವ ವಾರ, ಎದುರು ಯಾವ ಊರು, ನೀನು ದುಡಿಯುವ ಗಣಿ ಯಾವುದು. ಆಟಕ್ಕಿಳಿಯುವ ಮುಂಚೆ ಹುಡುಗರು ಆ ಮೂರಕ್ಕೂ ಉತ್ತರ ಉರುಹೊಡೆಯುತ್ತಿದ್ದರು. ಊರಿಗೆಲ್ಲ ಇದು ಗೊತ್ತಿತ್ತು. ಜಾಣತನ ಅಂತ ಬೆನ್ನು ತಟ್ಟುತ್ತಿದ್ದರು!

ಆ ವರ್ಷ ಕಪ್ಪಿನ ಕೊನೆಯ ಆಟದಲ್ಲಿ ಕಾಜಿಕ್‌ನ ತಲೆ ಯಾರದೋ ಮೊಣಕಾಲಿಗೆ ಬಡಿಯಿತು. ಬಿದ್ದವನು ಎದ್ದು ತನ್ನ ತಂಡದವರಿಗೇ ಎದುರಾಗಿ ನಿಂತ. ಡಾಕ್ಟರು ಓಡಿಬಂದರು.

"ಯಾವ ವಾರ?"

"ಭಾನುವಾರ."

ಇನ್ನೆರಡಕ್ಕೂ ಸರಿಯಾಗಿಯೇ ಹೇಳಿದ. "ಭೇಷ್! ಆಡು ಹೋಗು" ಅಂದರು ಡಾಕ್ಟರು.

ಪೋಲಾ ಮೈದಾನದ ಸುತ್ತ ಕಟ್ಟಿದ್ದ ಹಗ್ಗ ದಾಟಿ ನುಗ್ಗಿ, ಮಗನ ಕೆನ್ನೆಗಳನ್ನು ಎರಡೂ ಕೈಯಲ್ಲಿ ಹಿಡಿದಳು. "ಲೋ, ನಿಮ್ಮಮ್ಮನ ಹೆಸರೇನೋ?"

ಕಾಜಿಕ್ ಅವಳನ್ನೇ ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ, "ನಿಮಗೆ ಯಾರು ಬೇಕಿತ್ತು?" ಅಂದ.

ಅವಳು ಅವನ ಅಂಗಿ ಹಿಡಿದು ದರದರ ಎಳೆದುಕೊಂಡು ಹೊರಟಳು. "ಮುದುಕಿ, ಬಿಡೇ ಅವನ್ನ!" ಎಂದು ಜನ ಅರಚಿದರು. ಯಾರೋ ಮಣ್ಣುಹೆಂಟೆಯನ್ನೂ ಎಸೆದರು. ಕಪ್ಪು ಪಕ್ಕದ ಊರಿನ ಪಾಲಾಯಿತು. ಕಾಜಿಕ್ ವಾರಗಟ್ಟಲೆ ವಾಂತಿ ಮಾಡಿಕೊಂಡು ಮಲಗಿದ್ದು, ಹೇಗೋ ಚೇತರಿಸಿಕೊಂಡ. ಊರಿನವರು ಹರಿದ ಜೋಡನ್ನು ಬೇರೆ ಕಡೆ ಕೊಡತೊಡಗಿದರು. ಹಾಳಾಗಿ ಹೋಗಲಿ, ಮಗ ಉಳಿದನಲ್ಲ ಅಂದುಕೊಂಡಳು.

ಡಾಕ್ಟರ್ ಬೆವನ್ ಮಾತ್ರ ಅಂಗಡಿಗೆ ಬಂದು ತಲೆ ತಗ್ಗಿಸಿ ನಿಂತರು. "ಇನ್ಮೇಲೆ ನಿಮ್ಮ ಪ್ರಶ್ನೇನೂ ಕೇಳ್ತೀನಮ್ಮ. ಹೇಳದೇ ಇದ್ದೋನ್ನ ಆಚೆ ಕಳಿಸ್ತೀನಿ. ಆಣೆ." ಲುದ್ವಿಕ್ ಸತ್ತ ಮೇಲೆ ಮೊದಲ ಸಲ ಪೋಲಾ ಮನಸಾರೆ ಅತ್ತಳು.

ಮರುವರ್ಷ ಆಟದ ಕಾಲ ಬಂತು. ಊರಿನ ಮುನಿಸು ಆರಿತ್ತು, ಡಾಕ್ಟರ ಆಣೆ ನಂಬಿ ಪೋಲಾಳೂ ಮಗನನ್ನು ತಡೆದಿರಲಿಲ್ಲ. ಮೊದಲ ಭಾನುವಾರ ತಂಡದವರೆಲ್ಲ ಅವಳ ಮನೆಯಲ್ಲೇ ಊಟಕ್ಕೆ ಕೂತಿದ್ದರು. ಅವಳು ಒಲೆಯ ಮುಂದೆ ಆಲೂಗಡ್ಡೆ ಕಡುಬು ಬೇಯಿಸುತ್ತಿದ್ದಳು. ಬೆನ್ನ ಹಿಂದೆ ತಂಡದ ನಾಯಕ ಒಬ್ಬೊಬ್ಬರನ್ನೇ ಕೇಳುತ್ತಿದ್ದ. ವಾರ ಆಯಿತು, ಊರು ಆಯಿತು, ಗಣಿ ಆಯಿತು.

"ಅಮ್ಮನ ಹೆಸರು?"

"ಅಪೊಲೋನಿಯಾ, ಅಪೊಲೋನಿಯಾ, ಅಪೊಲೋನಿಯಾ" ಅಂತ ಪೋಲಾಳ ಪೂರ್ತಿ ಹೆಸರನ್ನು ಒಪ್ಪಿಸಿದ ಕಾಜಿಕ್, ಗಿಣಿಯ ಹಾಗೆ.

ಪೋಲಾ ತಿರುಗಿದಳು. "ಏನ್ ಮಾಡ್ತಿದ್ದೀರ್ರೋ?"

"ಹೆದರ್ಬೇಡಮ್ಮ" ಅಂದ ಮಗ, ಅವಳಿಗೆ ಖುಷಿಯಾಗುತ್ತದೆಂದೇ ನಂಬಿ. "ಇನ್ಮೇಲೆ ಎಂಥಾ ಪೆಟ್ಟು ಬಿದ್ರೂ ನಿನ್ನ ಹೆಸರು ಮರೆಯಲ್ಲ."

"ಮರೆಯೋ!" ಎಂದು ಕಿರುಚಿದಳು ಪೋಲಾ. "ಮರೆತುಬಿಡೋ ನನ್ನಪ್ಪಾ, ಮರೆತು ಆಚೆಗೆ ಬಾರೋ!"

ಹುಡುಗರು ಮುಖ ಮುಖ ನೋಡಿಕೊಂಡರು. ಆಮೇಲೆ ನಾಯಕ ಮುಂದಿನವನತ್ತ ತಿರುಗಿ, ಇವತ್ತು ಯಾವ ವಾರ ಎಂದು ಕೇಳಿದ.