ಮೇಜಿನ ನಡುವಿನ ದೃಷ್ಟಿಬೊಂಬೆ

ದೆವ್ವಗಳ ಬಗ್ಗೆ ನನಗೆ ಅಂಥ ಹೆದರಿಕೆಯೇನಿಲ್ಲ. ನನಗೆ ಹೆದರಿಕೆ ಇರುವುದು ಹನ್ನೊಂದು ವರ್ಷದ ಹುಡುಗಿಯರದು. ದೆವ್ವ ಬಂದರೆ ಹೆಚ್ಚೆಂದರೆ ಕೂಗಾಡಿ ಹೋದೀತು. ಈ ಹುಡುಗಿಯರು ಒಳಗೆ ಬಂದು, ಶೂ ಬಿಚ್ಚಿ, ಗೋಡೆ, ಮೇಜು, ದೇವರ ಗೂಡು ಎಲ್ಲವನ್ನೂ ಒಂದು ಸುತ್ತು ನೋಡಿ, ಏನೂ ಹೇಳದೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಆ ನೋಟ ಇಳಿಸುವ ಮಂತ್ರ ನನಗೆ ಗೊತ್ತಿಲ್ಲ.

ಷಿಕಾಗೋ ಪಕ್ಕದ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿದ್ದಾಗ ಈ ಭಯವಿರಲಿಲ್ಲ. ಅಲ್ಲಿ ಮಗಳು ಇಂಚರಾಗೆ ನಡೆಯಲು ಕಲಿತ ಕಾಲದಿಂದಲೂ ಗೊತ್ತಿದ್ದ ಗೆಳತಿಯರಿದ್ದರು. ಈ ಬೇಸಿಗೆಯಲ್ಲಿ ನನ್ನ ಗಂಡನಿಗೆ ಬೇರೆ ರಾಜ್ಯದ ಸೌತ್‌ಫೀಲ್ಡ್‌ನಲ್ಲಿ ಕೆಲಸವಾಯಿತು, ನಾವು ಅದರ ಪಕ್ಕದ ಫಾರ್ಮಿಂಗ್ಟನ್ ಹಿಲ್ಸ್‌ಗೆ ಬಂದೆವು. ಶಾಲೆ ಶುರುವಾದಾಗಿನಿಂದ ಅವಳು ಊಟದ ಹೊತ್ತಿನಲ್ಲಿ ಲೈಬ್ರರಿಯಲ್ಲಿ ಒಬ್ಬಳೇ ಕೂರುತ್ತಾಳೆಂದು ಟೀಚರ್ ಹೇಳಿದ್ದರು. ಅಂಥವಳು ತಾನಾಗಿಯೇ ಒಂದು ದಿನ ಬಂದು, ಕ್ಲಾಸಿನ ಕೆಲವರನ್ನು ಹ್ಯಾಲೋವೀನ್ ಪಾರ್ಟಿಗೆ ಕರೆದಿದ್ದೇನೆ ಎಂದಳು. ಜೊತೆಗೊಂದು ಷರತ್ತು ಹಾಕಿದಳು. ಊಟದ ಮೇಜಿನ ನಡುವೆ, ಎಲ್ಲರ ಮನೆಯಲ್ಲಿರುವಂತೆ, ಕಣ್ಣು ಬಾಯಿ ಕೊರೆದ ಕುಂಬಳಕಾಯಿಯೇ ಇರಬೇಕು.

"ಅಮ್ಮಾ, ಪ್ಲೀಸ್, ಜಸ್ಟ್ ನಾರ್ಮಲ್. ನಥಿಂಗ್ ವಿಯರ್ಡ್" ಎಂದಳು.

ಒಪ್ಪಿಕೊಂಡೆ. ಆದರೆ ನೀವೇ ಯೋಚಿಸಿ, ದೆವ್ವವನ್ನು ಊಟದ ಮೇಜಿಗೆ ಕರೆಯುವುದು ನಮ್ಮ ಜಾಯಮಾನದಲ್ಲೇ ಇಲ್ಲ. ಹೆಚ್ಚುಕಡಿಮೆ ಇದೇ ಋತುವಿನಲ್ಲಿ, ಮಹಾಲಯ ಅಮಾವಾಸ್ಯೆಗೆ, ನಾವೂ ತೀರಿಹೋದವರನ್ನು ನೆನೆದು ವಡೆ ಪಾಯಸ ಬಡಿಸುತ್ತೇವೆ ನಿಜ. ಆದರೆ ಅವರು ಮನೆಯವರು, ಉಪ್ಪು ಖಾರ ಎಷ್ಟು ಬೇಕೆಂದು ನಮಗೆ ಗೊತ್ತಿರುವವರು. ಬೀದಿಯ ದೆವ್ವಗಳ ಮಾತೇ ಬೇರೆ. ನಾನು ಚಿಕ್ಕವಳಿದ್ದಾಗ ಬೆಂಗಳೂರಿನ ನಮ್ಮ ಬೀದಿಯ ಬಾಗಿಲುಗಳ ಮೇಲೆಲ್ಲ ಸೀಮೆಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆದಿದ್ದರು. ಬಾಗಿಲು ತಟ್ಟಲು ಬಂದ ದೆವ್ವ ಅದನ್ನು ಓದಿ ಹಿಂದಿರುಗಬೇಕು. ಮರುದಿನ ಬಂದರೆ ಮತ್ತದೇ ಓದಿ ಮತ್ತೆ ಹಿಂದಿರುಗಬೇಕು. ಯಾರೋ ಅನುಭವಸ್ಥ ಗುಮಾಸ್ತರು ಹೇಳಿಕೊಟ್ಟ ಉಪಾಯವಿರಬೇಕು. ಇಲ್ಲಿನವರೋ ಹ್ಯಾಲೋವೀನ್‌ಗೆ ದೆವ್ವದ ವೇಷ ಹಾಕಿ ಬರುವ ಮಕ್ಕಳಿಗೆಂದು ಚಾಕೊಲೇಟ್ ಬುಟ್ಟಿ ಹಿಡಿದು ಬಾಗಿಲಲ್ಲೇ ಕಾಯುತ್ತಾರೆ.

ಪಾರ್ಟಿ ಇದ್ದ ಶುಕ್ರವಾರ ಆಫೀಸಿಗೆ ರಜೆ ಹಾಕಿದೆ. ಬೆಳಿಗ್ಗೆ ಕುಂಬಳಕಾಯಿಯನ್ನು ಕೌಂಟರ್ ಮೇಲಿಟ್ಟು ಚಾಕು ಎತ್ತುವಷ್ಟರಲ್ಲಿ, ಮೈಸೂರಿನಿಂದ ಬಂದು ನಮ್ಮ ಜೊತೆಗಿರುವ ಅತ್ತೆ ನನ್ನ ಕೈ ಹಿಡಿದರು.

"ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಏಟು ಹಾಕ್ಬಾರ್ದಮ್ಮ. ಅವನ ಕೈಲಿ ಹಾಕ್ಸು."

ನಾನು ಇಂಜಿನಿಯರಿಂಗ್ ಓದಿದವಳು, ಇಂಥದ್ದನ್ನೆಲ್ಲ ನಂಬುವುದಿಲ್ಲ. ಆದರೆ ಮಗಳ ಪಾರ್ಟಿಯ ದಿನವೇ ನಂಬದೆ ಇರುವಷ್ಟು ಧೈರ್ಯವೂ ನನಗಿಲ್ಲ. ಸ್ನಾನಕ್ಕೆ ಹೋಗಿದ್ದ ಗಂಡನಿಗೆ ಬಾಗಿಲಾಚೆಯಿಂದಲೇ ಕೂಗಿದೆ. "ರೀ, ಆಫೀಸ್‌ಗೆ ಹೋಗೋ ಮುಂಚೆ ಆ ಕುಂಬಳಕಾಯಿಗೆ ಒಂದೇಟು ಹಾಕ್ಬಿಟ್ಟು ಹೋಗಿ!" ಅಷ್ಟು ಹೇಳಿ, ಮಗಳನ್ನು ಸ್ಕೂಲಿಗೆ ಬಿಟ್ಟು ಬರಲು ಹೊರಟೆ.

ವಾಪಸ್ಸು ಬಂದು ನೋಡುತ್ತೇನೆ, ಕುಂಬಳಕಾಯಿ ಸರಿಯಾಗಿ ಎರಡು ಹೋಳಾಗಿ ಅಂಗಾತ ಬಿದ್ದಿದೆ. ಮೀಸೆ ಮೂಡಿದ ದಿನದಿಂದ ತಾಯಿಯ ಅಡುಗೆಮನೆಯಲ್ಲಿ ಹುಳಿಗೆಂದು ಒಂದೇಟು ಹಾಕಿ ರೂಢಿಯಾದ ಕೈ. ಅದಕ್ಕೆ ಕಣ್ಣು ಬಾಯಿ ಕೊರೆಯುವುದೆಲ್ಲ ಎಲ್ಲಿ ಹೊಳೆಯಬೇಕು? ಫೋನ್ ಮಾಡಿದರೆ, "ನೀನೇ ಹೇಳಿದ್ಯಲ್ಲ, ಒಂದೇಟು ಅಂತ. ಒಂದೇ ಏಟಿಗೆ ಆಯ್ತು ನೋಡು" ಎಂದರು, ಬಹಳ ಹೆಮ್ಮೆಯಿಂದ.

ಕಾರು ತೆಗೆದೆ. ಹಿಂದಿನ ವಾರ ಕಿತ್ತಳೆ ಬಣ್ಣದ ಗುಡ್ಡಗಳೇ ಇದ್ದ ಅಂಗಡಿಯ ಮುಂದೆ ಈಗ ಬರೀ ಹುಲ್ಲು ಹರಡಿತ್ತು. ಇನ್ನೊಂದು ಅಂಗಡಿಯಲ್ಲಿ ಕೊಳೆತದ್ದೊಂದು ಮೂಲೆಯಲ್ಲಿ ಕೂತಿತ್ತು. ಪ್ರತಿ ಸಿಗ್ನಲ್‌ನಲ್ಲೂ ಮಗಳ ಮುಖವೇ ಕಣ್ಣ ಮುಂದೆ ಬರುತ್ತಿತ್ತು. ಕೇಳದೆ ಕೇಳದೆ ಒಂದು ಕೇಳಿದ್ದಳು, ಅದನ್ನೂ ಕೆಡಿಸಿದೆವಲ್ಲ ಎಂದು ಸ್ಟಿಯರಿಂಗ್ ಹಿಡಿದೇ ಅತ್ತುಬಿಟ್ಟೆ. ಕೊನೆಗೆ ಬೇರೆ ದಾರಿ ಕಾಣದೆ ಇಂಡಿಯನ್ ಗ್ರೋಸರಿಗೆ ನುಗ್ಗಿದೆ. ಅಲ್ಲಿ ಇದ್ದದ್ದು ಒಂದು ಬೂದುಗುಂಬಳಕಾಯಿ. ಮೈಯೆಲ್ಲ ಬೂದಿ ಬಳಿದುಕೊಂಡು ತಣ್ಣಗೆ ಕೂತಿತ್ತು. ಅದನ್ನೇ ಎತ್ತಿಕೊಂಡು ಬಂದೆ.

ಅತ್ತೆ ಅದನ್ನು ತಿರುಗಿಸಿ ನೋಡಿ, "ಇದನ್ನ ಕೊರೆಯೋದೇ ಬೇಡ, ಬರೆಯೋಣ" ಎಂದರು. ಸೆರಗು ಸಿಕ್ಕಿಸಿಕೊಂಡು ಕೂತರು. ಕಾಡಿಗೆಯಲ್ಲಿ ಕಿವಿಯವರೆಗೆ ಮೀಸೆ, ಅಕ್ಕಿಹಿಟ್ಟಿನಲ್ಲಿ ಕೋರೆಹಲ್ಲು ಮತ್ತು ಮಿಟುಕದ ಎರಡು ಗುಡ್ಡೆಗಣ್ಣು, ಕಲಸಿದ ಕುಂಕುಮದಲ್ಲಿ ಹೊರಚಾಚಿದ ನಾಲಿಗೆ. ಊರಿನಲ್ಲಿ ಹೊಸ ಮನೆ ಕಟ್ಟುವಾಗ ನೇತುಹಾಕುವ ದೃಷ್ಟಿಬೊಂಬೆ ನಮ್ಮ ಅಡುಗೆಮನೆಯಲ್ಲಿ ಎದ್ದು ಕೂತಿತು. ಕೆಳಗೊಂದು ತಟ್ಟೆಯಲ್ಲಿ ಓಕುಳಿ ನೀರು ಇಡಬೇಕೆಂದರು. ಸುಣ್ಣವಿರಲಿಲ್ಲ. ಬೇಕಿಂಗ್ ಸೋಡಾ ಹಾಕಿದರೂ ಅರಿಶಿನ ಕೆಂಪಾಗುತ್ತದೆಂದು ನಾನು ನನ್ನ ಕೆಮಿಸ್ಟ್ರಿ ತೋರಿಸಿದೆ. ಅಷ್ಟು ಓದಿದ್ದಕ್ಕೆ ಇಷ್ಟಾದರೂ ಉಪಯೋಗವಾಯಿತು.

ಮಧ್ಯಾಹ್ನ ಇಂಚರಾ ಸ್ಕೂಲ್ ಬಸ್ಸಿಳಿದು ಒಳಗೆ ಬಂದವಳು ಮೇಜಿನ ನಡುವೆ ಕೂತಿದ್ದ ಬೊಂಬೆ ನೋಡಿ ಬ್ಯಾಗನ್ನೂ ಇಳಿಸಲಿಲ್ಲ. "ಅಮ್ಮಾ... ಐ ಸೆಡ್ ನಾರ್ಮಲ್." ಬೈದಿದ್ದರೆ ವಾಸಿಯಿತ್ತು. ಅಷ್ಟು ಮೆಲ್ಲಗೆ ಹೇಳಿದಳು. ನಾನು ವಿವರಿಸುತ್ತಲೇ ಇದ್ದೆ, ಅವಳು ಕೇಳುತ್ತಿರಲಿಲ್ಲ. ಕೊನೆಗೆ ಬೊಂಬೆಯನ್ನು ಎತ್ತಿ ಒಳಗಿಡಲು ಅವಳು ಕೈ ಹಾಕುವುದಕ್ಕೂ ಬಾಗಿಲ ಗಂಟೆ ಬಡಿಯುವುದಕ್ಕೂ ಸರಿಹೋಯಿತು.

ಮಾಟಗಾತಿ, ಬಾವಲಿ, ಅಸ್ಥಿಪಂಜರ ಒಟ್ಟಿಗೇ ಬಂದರು. ಶೂ ಬಿಚ್ಚಿದರು. ಮೇಜಿನ ಮುಂದೆ ನಿಂತರು. ಆಮೇಲೆ ನಾನು ಹೆದರಿದ್ದ ಅದೇ ನೋಟ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಗಳ ಕಿವಿ ಕೆಂಪಾಗಿತ್ತು. ಮಾಟಗಾತಿ ವೇಷದ ಮ್ಯಾಡಿ ಎಂಬ ಹುಡುಗಿ ಕೊನೆಗೆ ಕೇಳಿದಳು. "ವಾಟ್ ಈಸ್ ದಟ್?"

ಸೋಫಾದಲ್ಲಿದ್ದ ಅತ್ತೆ ಆರಾಮಾಗಿ ಹೇಳಿದರು. "ಹೇಳು ಪುಟ್ಟಿ, ದೃಷ್ಟಿಬೊಂಬೆ ಅಂತ. ಎಷ್ಟು ಬೇಕಾದ್ರೂ ನೋಡ್ಲಿ, ನೋಡೋಕೆ ಅಂತ್ಲೇ ಇಟ್ಟಿರೋದು."

ಇಂಚರಾ ಒಮ್ಮೆ ಅಜ್ಜಿಯನ್ನು ನೋಡಿದಳು, ಒಮ್ಮೆ ಬೊಂಬೆಯನ್ನು. ಆಮೇಲೆ ನಿಧಾನವಾಗಿ ಇಂಗ್ಲಿಷಿನಲ್ಲಿ ಶುರುಮಾಡಿದಳು. ಇವನು ನಮ್ಮ ಮನೆಯ ಕಾವಲುಗಾರ, ಕೆಟ್ಟ ಕಣ್ಣು ಯಾರದೇ ಇರಲಿ, ಇವನು ನುಂಗಿಬಿಡುತ್ತಾನೆ, ಎಂದಳು. ಸ್ವಲ್ಪ ತಡೆದು, ಅಜ್ಜಿಯೂ ಹೇಳದಿದ್ದ ಒಂದು ನಿಯಮವನ್ನು ತಾನೇ ಸೇರಿಸಿದಳು. "ಸೋ, ಡೋಂಟ್ ಬ್ಲಿಂಕ್."

ಅಸ್ಥಿಪಂಜರ ಚೀರಿತು. ಅಲ್ಲಿಂದ ಕತ್ತಲಾಗುವವರೆಗೂ ಅದೇ ಆಟ. ಸರದಿಯಲ್ಲಿ ಬೊಂಬೆಯ ಎದುರು ಕೂತು, ರೆಪ್ಪೆ ಬಡಿಯದೆ ದಿಟ್ಟಿಸಿ, ಸೋತು, ಬಿದ್ದು ಬಿದ್ದು ನಕ್ಕರು. ನಮ್ಮ ಗೋಡೆಯನ್ನು ಯಾರೂ ನೋಡಲಿಲ್ಲ. ಒಲೆಯ ಮೇಲಿನ ಹುಳಿಯ ವಾಸನೆಗೆ ಯಾರೂ ಮೂಗು ಮುಚ್ಚಲಿಲ್ಲ. ಮಗಳು ಜ್ಯೂಸ್ ಚೆಲ್ಲಿದ್ದು ಅವಳಿಗೂ ಗೊತ್ತಾಗಲಿಲ್ಲ. ಇದ್ದಬದ್ದ ಕಣ್ಣುಗಳೆಲ್ಲ ಆ ಬೂದುಗುಂಬಳಕಾಯಿಯ ಮೇಲೆಯೇ ಇದ್ದವು. ದೃಷ್ಟಿಬೊಂಬೆಯ ಕೆಲಸವೇ ಅದು ಎಂದು ನನಗೆ ಆಗ ಹೊಳೆಯಿತು.

ಸಂಜೆ ಎಲ್ಲರೂ ಹೋದ ಮೇಲೆ ಊಟಕ್ಕೆ ಕೂತೆವು. ತಾನು ಹೋಳು ಮಾಡಿದ ಕುಂಬಳಕಾಯಿಯಿಂದಲೇ ಹುಳಿ ಇಷ್ಟು ಚೆನ್ನಾಗಿದೆ ಎಂದು ಗಂಡ ಬೊಂಬೆಯ ಮುಂದೆಯೇ ಕೊಚ್ಚಿಕೊಳ್ಳುತ್ತಿದ್ದರು. ಇಂಚರಾಳ ಫೋನ್ ಸದ್ದು ಮಾಡಿತು. ಓದಿ, ನಮ್ಮೆಲ್ಲರ ಮುಖ ನೋಡಿದಳು.

"ಮ್ಯಾಡಿ ವಾಂಟ್ಸ್ ಟು ಕಮ್ ಅಗೇನ್. ವಾಟ್ ಡು ಐ ಸೇ?"

ಅತ್ತೆ ಅವಳ ತಟ್ಟೆಗೆ ಹುಳಿ ಬಡಿಸುತ್ತಾ, "ಅದಕ್ಕೇನು ಯೋಚ್ನೆ? ನಾಳೆ ಬಾ ಅನ್ನು" ಎಂದರು.

ಮಗಳು ಅದನ್ನೇ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕಳಿಸಿದಳು. ಆ ಎರಡು ಮಾತಿಗೆ ನಿಜವಾಗಿಯೂ ಮರುದಿನ ಬಂದವರನ್ನು ನಾನು ನೋಡಿದ್ದು ಅದೇ ಮೊದಲು.