ಸಣ್ಣಬೀರಯ್ಯ ಕೂರಿಸಿದ ಡ್ರಾಯರುಗಳು

ಹುಣಸೂರಿನ ಮರದ ಡಿಪೋ ಹಿಂದಿನ ಬೀದಿಯಲ್ಲಿ ಸಣ್ಣಬೀರಯ್ಯನ ಮನೆ ಯಾವುದೆಂದು ಕೇಳಿದರೆ, "ಗಾಳಿ ಡ್ರಾಯರಿನೋರ್ದಾ?" ಎಂದು ತಿರುಗಿ ಕೇಳುತ್ತಿದ್ದರು. ಅವನು ಮಾಡಿದ ಕಪಾಟಿನಲ್ಲಿ ಮೇಲಿನ ಡ್ರಾಯರನ್ನು ಒಳಕ್ಕೆ ತಳ್ಳಿದರೆ ಕೆಳಗಿನದು ತನ್ನಷ್ಟಕ್ಕೆ ತಾನೇ ಒಂದು ಬೆರಳು ಮುಂದಕ್ಕೆ ಬರುತ್ತಿತ್ತು. ದೆವ್ವವೂ ಇಲ್ಲ, ಸ್ಪ್ರಿಂಗೂ ಇಲ್ಲ. ಮರಕ್ಕೂ ಮರಕ್ಕೂ ನಡುವೆ ಕೂದಲೆಳೆಯಷ್ಟೂ ಸಂದಿಲ್ಲದ ಹಾಗೆ ಕೂರಿಸಿದರೆ, ಒಳಗಿನ ಗಾಳಿ ಹೋಗಲು ದಾರಿ ಸಿಗದೆ ಕೆಳಗಿನ ಡ್ರಾಯರನ್ನು ನೂಕುತ್ತದೆ, ಅಷ್ಟೇ. ಆ ಅಷ್ಟನ್ನು ಮಾಡಿ ತೋರಿಸುವವರು ಪಿರಿಯಾಪಟ್ಟಣದಿಂದ ಎಚ್.ಡಿ. ಕೋಟೆಯವರೆಗೆ ಎಷ್ಟು ಜನ ಇದ್ದಾರೋ ಹುಡುಕಿ ನೋಡಿ! ಕಬ್ಬಿಣದ ಚಾನೆಲ್ ಹಾಕಿ ಪ್ಲೈವುಡ್ ಡಬ್ಬ ಓಡಿಸುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಅವನೇನೂ ಮರಗೆಲಸದ ಆಚಾರರ ಮನೆಯಲ್ಲಿ ಹುಟ್ಟಿದವನಲ್ಲ. ಕುರಿ ಕಾಯುವವರ ಮಗ. ಹದಿನಾರನೇ ವಯಸ್ಸಿಗೆ ಸಾಮಿಲ್ಲಿನಲ್ಲಿ ದಿಮ್ಮಿ ಉರುಳಿಸಲು ಬಂದು, ಮರಿಯಯ್ಯ ಎಂಬ ಮುದುಕ ಮೇಸ್ತ್ರಿಯ ಕೈಕೆಳಗೆ ಉಳಿ ಹಿಡಿದವನು. "ಕುರಿ ಮೇಯ್ಸೋನು ಕುರ್ಚಿ ಮಾಡ್ತಾನಂತೆ" ಎಂದು ಜನ ಆಡಿಕೊಂಡು ನಕ್ಕದ್ದು ಅವನ ಎದೆಯಲ್ಲಿ ಹಾಗೇ ಉಳಿದುಬಿಟ್ಟಿತ್ತು. ಹಾಗಾಗಿ ಅವನ ಕೆಲಸದ ಮೇಲೆ ಯಾರೂ ಬೆರಳಿಡುವ ಹಾಗಿರಲಿಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿ ವಿಮಲಮ್ಮ, "ಈ ಮಣೆ ಒಂಚೂರು ಅಲ್ಲಾಡ್ತದೆ ಕಣ್ರೀ" ಎಂದದ್ದಕ್ಕೆ ಎರಡು ದಿನ ಊಟ ಬಿಟ್ಟು, ಮೂರನೇ ದಿನ ಆ ಮಣೆಯನ್ನು ಒಲೆಗೆ ಹಾಕಿದ್ದ. ಮಹಾನುಭಾವ! ಅವತ್ತಿನಿಂದ ಅವಳು ಅವನ ಕೆಲಸದ ಬಗ್ಗೆ ಒಳ್ಳೆಯ ಮಾತು ಬಿಟ್ಟು ಬೇರೆ ಆಡಲಿಲ್ಲ. ಇಪ್ಪತ್ತಾರು ವರ್ಷ.

ವಿಮಲಮ್ಮನಿಗೆ ಉಬ್ಬಸ. ಮನೆ ತುಂಬಾ ಹಾರುವ ಮರದ ಪುಡಿಗೆ ಬಂತೋ, ತವರಿನಿಂದಲೇ ತಂದಳೋ, ದೇವರಿಗೇ ಗೊತ್ತು. ಹೋದ ವರ್ಷ ಬೇಸಿಗೆಯಲ್ಲಿ ಅವನು ಅವಳಿಗಾಗಿಯೇ ಹಲಸಿನ ಹಲಗೆಯಲ್ಲಿ ಒಂದು ಕಪಾಟು ಮಾಡಿದ. ಮಂಚದ ಪಕ್ಕಕ್ಕೆ, ಮೂರು ಡ್ರಾಯರಿನದು. ಮೇಲಿನದು ಅವಳ ಇನ್‌ಹೇಲರಿಗೆ, ಕೈಗೆ ಸಿಗುವ ಎತ್ತರದಲ್ಲಿ. "ಬ್ಯಾಸ್ಗೇಲಿ ಮಾಡೋ ಡ್ರಾಯರ್ಗೆ ಮಳೆಗಾಲದ ಜಾಗ ಬುಡ್ಬೇಕು ಕಣ್ಲಾ, ಮರ ನೀರು ಕುಡೀತದೆ" ಎಂದು ಮರಿಯಯ್ಯ ಸಾಯುವ ತನಕ ಹೇಳುತ್ತಿದ್ದ. ಸಣ್ಣಬೀರಯ್ಯನಿಗೆ ಅದು ಗೊತ್ತಿರಲಿಲ್ಲವೆಂದಲ್ಲ. ಆದರೆ ಜಾಗ ಬಿಟ್ಟರೆ ಗಾಳಿ ನೂಕುವುದಿಲ್ಲ, ಗಾಳಿ ನೂಕದಿದ್ದರೆ ಜನ ಬಾಯಿಬಿಟ್ಟುಕೊಂಡು ನೋಡುವುದಿಲ್ಲ. ಸ್ವಂತ ಹೆಂಡತಿಯ ಕಪಾಟಿಗೆ ಮಾತ್ರ ಸಡಿಲ ಕೂರಿಸುವುದೇ? ಅವನು ಎಲ್ಲಕ್ಕಿಂತ ಬಿಗಿಯಾಗಿ ಕೂರಿಸಿದ್ದು ಅವಳದನ್ನೇ.

ಈ ವರ್ಷ ಆಷಾಢದಲ್ಲಿ ಕೊಡಗಿನ ಕಡೆಯಿಂದ ಮಳೆ ಹಿಡಿದದ್ದು ಎಂಟು ದಿನ ಬಿಡಲಿಲ್ಲ. ಅಂತರಸಂತೆಯಲ್ಲಿ ಬಾಗಿಲು ಕೂರಿಸುವ ಕೆಲಸವಿತ್ತು. ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಟವನಿಗೆ ಕಿಟಕಿಯ ಮೇಲಿದ್ದ ಇನ್‌ಹೇಲರ್ ಕಣ್ಣಿಗೆ ಬಿತ್ತು.

"ಇದ್ಯಾಕೆ ಇಲ್ಲಿ ಬಿದ್ದದೆ? ಇದ್ಕೇ ಅಂತ ಜಾಗ ಮಾಡ್ಕೊಟ್ಟಿಲ್ವಾ? ಡ್ರಾಯರೇನು ಅಂದಕ್ಕೆ ಮಾಡುದ್ನಾ?"

"ಮರ್ತೆ ಬುಡಿ. ನಾನೇ ಇಡ್ತೀನಿ, ನೀವು ನಡೀರಿ, ಬಸ್ಸು ಹೋಯ್ತದೆ" ಎಂದಳು ವಿಮಲಮ್ಮ.

ಅವನು ಕೇಳಬೇಕಲ್ಲ! ನಾಲ್ಕು ಬೆರಳಗಲ ತೆರೆದೇ ಇದ್ದ ಡ್ರಾಯರಿನ ಸಂದಿಯಲ್ಲಿ ಇನ್‌ಹೇಲರನ್ನು ತೂರಿಸಿ ತಳ್ಳಿದ. ಡ್ರಾಯರು ಅರ್ಧಕ್ಕೆ ನಿಂತಿತು. ಅಂಗೈಯಿಂದ ಎರಡು ಗುದ್ದು ಕೊಟ್ಟ ಮೇಲೆ ಒಳಗೆ ಹೋಗಿ ಕೂತಿತು. "ನೋಡು, ಎಂಗೆ ಕೂತ್ಕತು" ಎಂದು ಖುಷಿಯಾಗಿ ಹೇಳಿ ಹೊರಟುಹೋದ.

ಹನ್ನೊಂದು ಗಂಟೆಗೆ ಕರಿಬೇವು ಕೇಳಲು ಬಂದ ಪಕ್ಕದ ಮನೆಯ ಲಕ್ಷ್ಮಿದೇವಿ, ಕಪಾಟಿನ ಮುಂದೆ ಮೊಣಕಾಲೂರಿ ಬಿದ್ದಿದ್ದ ವಿಮಲಮ್ಮನನ್ನು ಕಂಡು ಬಾಯಿ ಬಡಿದುಕೊಂಡಳು. ಆಟೋದಲ್ಲಿ ಹಾಕಿಕೊಂಡು ಹೋದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪಾಪ, ಇನ್ನೂ ಐವತ್ತು ತುಂಬಿರಲಿಲ್ಲ.

ಬಂದವರೆಲ್ಲ ಅವಳ ಆಯಸ್ಸೇ ಅಷ್ಟು ಎಂದರು. ಉಬ್ಬಸ ಜೋರಾಗಿ ಕಪಾಟು ಹಿಡಿದುಕೊಂಡು ಕುಸಿದಿರಬೇಕು ಎಂದಳು ಲಕ್ಷ್ಮಿದೇವಿ. ಸಣ್ಣಬೀರಯ್ಯನಿಗೆ ಮಾತ್ರ ಬೇರೆಯವರಿಗೆ ಕಾಣದ್ದು ಕಂಡಿತ್ತು. ಮೇಲಿನ ಡ್ರಾಯರು ಒಂದು ಪಕ್ಕಕ್ಕೆ ಕಾಳಿನಷ್ಟು ಓರೆಯಾಗಿತ್ತು. ಹಿತ್ತಾಳೆ ಹಿಡಿಯ ಒಂದು ಸ್ಕ್ರೂ ಕಿತ್ತುಬಂದಿತ್ತು. ಮಣ್ಣು ಮಾಡಿ ಬಂದ ಸಂಜೆ ಒಬ್ಬನೇ ಉಳಿ ಹಾಕಿ ಮೀಟಿ ತೆಗೆದ. ಇನ್‌ಹೇಲರ್ ಅವನಿಟ್ಟ ಜಾಗದಲ್ಲೇ ಇತ್ತು. ಅದನ್ನು ಜೇಬಿಗೆ ಹಾಕಿಕೊಂಡ, ಯಾರಿಗೂ ಹೇಳಲಿಲ್ಲ.

ಆಮೇಲಿನ ದಿನಗಳಲ್ಲಿ ಅವನು ಒಂದೇ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ಉಸಿರಾಡಿದ. ಅದು ಕಚ್ಚಿಕೊಂಡದ್ದು ಅವತ್ತೊಂದೇ ದಿನ, ಆ ಎಂಟು ದಿನದ ಹಾಳು ಮಳೆಗೆ. ಮೊದಲೇ ಹಾಗಾಗುತ್ತಿದ್ದರೆ ಅವಳು ಹೇಳದೆ ಇರುತ್ತಿದ್ದಳೇ? ಹೇಳಿಲ್ಲ ಅಂದಮೇಲೆ ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಇಬ್ಬರಿಗೂ ಗೊತ್ತಿಲ್ಲದ್ದು ಯಾರ ತಪ್ಪೂ ಅಲ್ಲ. ಹೀಗೆ ತನಗೆ ತಾನೇ ದಿನಕ್ಕೆ ನೂರು ಸಲ ಹೇಳಿಕೊಂಡ.

ಹನ್ನೊಂದರ ತಿಥಿ ಮುಗಿದ ಮಾರನೇ ದಿನ, ಕಂಪಲಾಪುರಕ್ಕೆ ಕೊಟ್ಟಿದ್ದ ಮಗಳು ಸುಕನ್ಯ ತಾಯಿಯ ಸೀರೆಗಳನ್ನು ಮಡಿಸುತ್ತಿದ್ದಳು. ಅವನಿಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟ. ಕೊನೆಗೆ, "ಅವತ್ತೊಂದಿನ ಅಂಗಾಯ್ತು ಕಣವ್ವ, ಅವಳ್ಗೂ ಗೊತ್ತಿರ್ನಿಲ್ಲ" ಎಂದ.

ಸುಕನ್ಯ ಅರ್ಧ ಮಡಿಸಿದ್ದ ಸೀರೆಯನ್ನು ಕೆಳಗಿಟ್ಟಳು. ಸುಳ್ಳು ಹೇಳಿದ್ದರೆ ಆಗುತ್ತಿತ್ತು. ಆದರೆ ಅವಳಿಗೂ ಹೊಟ್ಟೆಯೊಳಗೆ ಬೆಂಕಿ ಇತ್ತು.

"ಗೊತ್ತಿತ್ತು ಕಣಪ್ಪ. ಹೋದೊರ್ಸ ಮಳೆಗಾಲ್ದಲ್ಲೂ ಅದು ಬತ್ತಿರ್ನಿಲ್ಲ. ಅವ್ವ ಮೇಣ ಉಜ್ಜಿ, ಕಾಲಲ್ಲಿ ಒದ್ಕೊಂಡು ಎಳೀತಿದ್ಲು. ಅದ್ಕೇ ಆ ಉಬ್ಬಸದ ಪಂಪ್ನ ಕಿಟ್ಕಿ ಮೇಲೆ ಮಡಗ್ತಿದ್ದಿದ್ದು. ಅಪ್ಪಂಗೆ ಹೇಳು ಅಂದ್ರೆ, ಬ್ಯಾಡ ಕಣೇ, ಅವ್ರು ಊಟ ಬುಟ್ಬುಡ್ತಾರೆ ಅಂದ್ಲು."

ಸಣ್ಣಬೀರಯ್ಯ ಎದ್ದು ಹಿತ್ತಲಿಗೆ ಹೋದ. ಅಲ್ಲಿ ನಿಂತವನು ಮಗಳು ಬಸ್ಸಿಗೆ ಹೊರಟಾಗಲೂ ಒಳಗೆ ಬರಲಿಲ್ಲ. ವಿಮಲಮ್ಮ ಬದುಕಲು ಮಾಡಿಕೊಂಡಿದ್ದ ಉಪಾಯವನ್ನು ಅವನೇ ಎತ್ತಿ ಒಳಗಿಟ್ಟು ಗುದ್ದಿ ಬಂದಿದ್ದ. ಗುದ್ದಿದ ಅಂಗೈಯನ್ನು ನೋಡಿಕೊಂಡರೆ ಕಡಿದು ಹಾಕಬೇಕು ಅನ್ನಿಸುತ್ತಿತ್ತು.

ಮೂರು ದಿನ ಬಿಟ್ಟು ಅವನು ಹತ್ತರಿಯನ್ನು, ಅದೇ ಮರ ಕೀಸುವ ಹತ್ತರಿಯನ್ನು, ಚೀಲಕ್ಕೆ ಹಾಕಿಕೊಂಡು ಹೊರಟ. ಎಲ್ಲೆಲ್ಲಿ ಡ್ರಾಯರು ಮಾಡಿಕೊಟ್ಟಿದ್ದನೋ ಆ ಮನೆಗಳಿಗೆಲ್ಲ ಹೋಗುವುದು, ಎಳೆದು ನೋಡುವುದು, ಕಚ್ಚಿದರೆ ಕೀಸಿ ಸಡಿಲ ಮಾಡುವುದು. ಇನ್ನೊಬ್ಬರ ಮನೆಯಲ್ಲಿ ಹಾಗಾಗಬಾರದು, ಅಷ್ಟೇ ಅವನ ತಲೆಯಲ್ಲಿದ್ದದ್ದು.

ಪಿರಿಯಾಪಟ್ಟಣದಲ್ಲಿ ಉಮಾಶಂಕರ ಎನ್ನುವ ಮೇಷ್ಟ್ರು, "ಫಸ್ಟ್ ಕ್ಲಾಸಾಗಿದೆ ಬೀರಯ್ಯ, ಹತ್ತಿಯಂಗೆ ಬತ್ತದೆ" ಎಂದರು. ಸಣ್ಣಬೀರಯ್ಯ ತಾನೇ ಹೋಗಿ ಎಳೆದ. ಜಗ್ಗಲಿಲ್ಲ. ಮೇಷ್ಟ್ರು ಬೇರೆ ಕಡೆ ನೋಡಿದರು. ಅಂತರಸಂತೆಯ ಮನೆಯಲ್ಲಿ ಸೊಸೆ, "ಚೆನ್ನಾಗೈತೆ ಕಣಣ್ಣ" ಎಂದಳು. ಅಲ್ಲಿಯ ಡ್ರಾಯರಿನ ಅಂಚು ಯಾವುದೋ ಕಬ್ಬಿಣದಿಂದ ಮೀಟಿ ಮೀಟಿ ಚೂರು ಚೂರಾಗಿತ್ತು. ಹೀಗೆ ಒಂಬತ್ತು ಮನೆ. ಒಂಬತ್ತರಲ್ಲೂ ಬಾಯಲ್ಲಿ ಹೊಗಳಿಕೆ, ಗೂಡಿನಲ್ಲಿ ಕಚ್ಚಿಕೊಂಡ ಮರ. ಅವನು ನಾಚಿಕೆಯಿಂದ ತಲೆ ಎತ್ತದೆ ಕೀಸಿದ. ಯಾಕೆ ಯಾರೂ ಹೇಳಲಿಲ್ಲ, ಒಬ್ಬರಾದರೂ ಯಾಕೆ ಹೇಳಲಿಲ್ಲ ಎಂದು ಬಸ್ಸಿನಲ್ಲಿ ಕೂತು ಯೋಚಿಸಿದರೆ ತಲೆ ಕೆಡುತ್ತಿತ್ತು.

ಕೊನೆಗೆ ಚುಂಚನಕಟ್ಟೆಗೆ ಹೋದ. ಅಲ್ಲಿ ಗದ್ದೆ ನಾಟಿ ಕೆಲಸದ ಕುಳ್ಳಮ್ಮ, ಎಪ್ಪತ್ತು ದಾಟಿದ ಗಟ್ಟಿ ಮುದುಕಿ, ವಿಮಲಮ್ಮನ ತವರಿನ ಕಡೆಯವಳು.

"ಡ್ರಾಯರು ಎಂಗೈತವ್ವ? ದಮ್ಮಯ್ಯ, ದಿಟ ಹೇಳು" ಎಂದು ಕೇಳಿದ.

"ಮಳೆ ಹತ್ತುದ್ರೆ ಅದ್ರಪ್ಪನಾಣೆಗೂ ಈಚೆಗೆ ಬರಾಕಿಲ್ಲ" ಎಂದಳು ಕುಳ್ಳಮ್ಮ. "ಎಲೆಅಡಿಕೆ ಒಳ್ಗೆ ಇಟ್ಟು ಹೋದೊರ್ಸ ನಾಕು ತಿಂಗ್ಳು ಉಪಾಸ ಇದ್ದೆ."

"ಮತ್ಯಾಕವ್ವ ನಂಗೆ ಹೇಳ್ನಿಲ್ಲ?"

"ನಿನ್ ಹೆಂಡ್ತಿನೇ ಬ್ಯಾಡ ಅಂದ್ಲು ಕಣಪ್ಪ. ನಂಗೊಬ್ಳಿಗೇ ಅಲ್ಲ. ನೀನು ಮಾಡ್ಕೊಟ್ಟ ಮನೆಮನೆಗೂ ಫೋನ್ ಮಾಡಿದ್ಲು. ಅವ್ರ ಮುಂದೆ ಮಾತ್ರ ಅನ್ಬ್ಯಾಡಿ, ನೊಂದ್ಕತಾರೆ, ನಿಮ್ ಕಾಲಿಗ್ ಬೀಳ್ತೀನಿ ಅಂದ್ಲು."

ಸಣ್ಣಬೀರಯ್ಯ ಕಪಾಟಿನ ಮುಂದೆ ಕುಕ್ಕರಿಸಿದ. "ನಂಗೊಂದ್ ಮಾತು ಹೇಳ್ಬೌದಿತ್ತಲ್ಲವ್ವ ಅವ್ಳು. ಒಂದೇ ಒಂದ್ ಮಾತು."

"ಹೇಳೋಂಗೆ ನೀನು ಎಲ್ ಇಟ್ಟಿದ್ದೆ ಅವ್ಳನ್ನ?" ಎಂದಳು ಕುಳ್ಳಮ್ಮ. ಕೋಪವಿರಲಿಲ್ಲ ಅವಳ ದನಿಯಲ್ಲಿ, ಇದ್ದದ್ದನ್ನು ಹೇಳಿದಳು.

ಹೆಂಡತಿ ಸತ್ತ ದಿನವೂ ಅಳದ ಆ ಗಂಡಸು ಎರಡೂ ಕೈಯಲ್ಲಿ ಡ್ರಾಯರಿನ ಹಿಡಿ ಹಿಡಿದುಕೊಂಡು, ಹಣೆಯನ್ನು ಮರಕ್ಕೆ ಒತ್ತಿ, ಬೀದಿಗೆ ಕೇಳುವ ಹಾಗೆ ಅತ್ತ.