ಚಾಚಾ ಹೇಳಬೇಕಿದ್ದ ಮಾತು

ಆ ಲಾರಿ ಕಂಪನಿಯ ಕಚೇರಿಗೆ ನಾನು ಮೊದಲು ಹೋದದ್ದು ಕಾರಕೂನನ ಕೆಲಸ ಕೇಳುವುದಕ್ಕೆ. ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೇ ಮೊದಲಿಗ. ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು, ಅಂಗಿಯ ಕೊರಳ ಗುಂಡಿಯನ್ನೂ ಹಾಕಿಕೊಂಡು, ಹಳಿಯಾಳದ ಆ ಕಚೇರಿಯ ಬಾಗಿಲಲ್ಲಿ ನಿಂತಿದ್ದೆ. ಮಾಲೀಕರು ಚೀಲದ ಕಡೆ ನೋಡಲಿಲ್ಲ.

"ಹೆವಿ ಲೈಸನ್ಸ್ ಐತೇನು?" ಎಂದರು.

ಇತ್ತು. ಮುಂಡಗೋಡ ತಾಲೂಕಿನ ನಮ್ಮ ಊರಿನಲ್ಲಿ ಕಾಲೇಜಿನ ರಜೆಗಳಲ್ಲೆಲ್ಲ ಟ್ರ್ಯಾಕ್ಟರ್ ನಡೆಸುತ್ತಿದ್ದ ನಾನು, ಯಾವುದಕ್ಕೂ ಇರಲಿ ಎಂದು ಅದನ್ನೂ ಮಾಡಿಸಿಕೊಂಡಿದ್ದೆ.

"ನನಗ ಕಾರಕೂನ ಬ್ಯಾಡಪಾ, ಡ್ರೈವರ್ ಬೇಕು. ಮನ್ಯಾಗ ಕೇಳ್ಕೊಂಡು ಬಾ."

ಅವ್ವನಿಗೆ ಬೇಸರವಾಗುತ್ತದೆಂದು ಅಳುಕುತ್ತಲೇ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಅವಳು ಕೈ ನಿಲ್ಲಿಸಲಿಲ್ಲ. "ಕಲ್ತಾಂವ ಗಾಡಿ ಹೊಡೀಬಾರ್ದು ಅಂತ ಯಾರ್ ಹೇಳ್ಯಾರ? ಸಂಜೀಕ ಮನಿಗೆ ಬರ್ತೀಯಿಲ್ಲೊ, ಅಷ್ಟ ಸಾಕು," ಎಂದಳು.

ಆ ಕಂಪನಿಯಲ್ಲಿ ಪರೀಕ್ಷೆಯೆಂಬುದಿರಲಿಲ್ಲ. ಹೊಸಬನು ಹಳೆಯ ಚಾಲಕರೊಬ್ಬರ ಜೊತೆಗೆ ಓಡಾಡಬೇಕು. ಅವರು ಒಂದು ದಿನ ಮಾಲೀಕರ ಮುಂದೆ ನಿಂತು "ಗಾಡಿ ಕೊಡ್ರಿ" ಎನ್ನಬೇಕು. ಆ ಎರಡು ಪದಗಳು ಬರುವವರೆಗೆ ಹೊಸಬನು ಡ್ರೈವರನಲ್ಲ. ನನ್ನ ಪಾಲಿಗೆ ಆ ಮಾತನ್ನು ಹೇಳಬೇಕಾದವರು, ಕಂಪನಿಯವರೆಲ್ಲ ಚಾಚಾ ಎಂದು ಕರೆಯುತ್ತಿದ್ದ ಹಿರಿಯ ಚಾಲಕರು.

ಚಾಚಾ ಹಳಿಯಾಳದ ಸಮೀಪದ ಹಳ್ಳಿಯ ಸಿದ್ದಿ ಮನೆತನದವರು. ದಾಂಡೇಲಿಯಲ್ಲಿ ಉರ್ದು, ಜೋಯಿಡಾದಲ್ಲಿ ಕೊಂಕಣಿ, ಮಾಲೀಕರೊಂದಿಗೆ ಕನ್ನಡ ಮಾತನಾಡುತ್ತಿದ್ದರು. ಕಣ್ಣಿನಲ್ಲಿ ಪೊರೆ ಬೆಳೆಯುತ್ತಿತ್ತು. ಇನ್ನು ಘಟ್ಟದ ತಿರುವುಗಳಲ್ಲಿ ಗಾಡಿ ನಡೆಸಬಾರದೆಂದು ವೈದ್ಯರು ಹೇಳಿದ್ದರು. ಆದ್ದರಿಂದಲೇ ಅವರು ಎಡಗಡೆಯ ಸೀಟಿಗೆ ಬಂದಿದ್ದರು, ಸ್ಟೇರಿಂಗಿನ ಮುಂದೆ ನಾನು ಕುಳಿತಿದ್ದೆ. ನಾನು ತಯಾರಾದ ದಿನ ಅವರು ಕೆಲಸ ಬಿಟ್ಟು ಮನೆಗೆ ಹೋಗುವುದೆಂದು ಮೊದಲೇ ಮಾತಾಗಿತ್ತು. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅದನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಮೊದಲ ದಿನ ನಾವು ಗೊಬ್ಬರದ ಚೀಲಗಳನ್ನು ತುಂಬಿಕೊಂಡು ಮಳಗಿಗೆ ಹೊರಟೆವು. ಚಾಚಾ ಬರಿಗಾಲಲ್ಲಿ ಗಾಡಿ ಹತ್ತಿದರು. ಹತ್ತುವ ಮುನ್ನ ಬಾಗಿಲನ್ನು ಮುಟ್ಟಿ ಕೈಯನ್ನು ಎದೆಗೆ ಒತ್ತಿಕೊಂಡರು. ಅದು ಪದ್ಧತಿಯೆಂದು ತಿಳಿದು ನಾನೂ ಬೂಟುಗಳನ್ನು ಬಿಚ್ಚಿ, ಮನೆಯ ಹೊಸ್ತಿಲ ಬಳಿ ಇಡುವಂತೆ ಜೋಡಿಸಿ, ನೆಲದ ಮೇಲಿಟ್ಟು ಹತ್ತಿದೆ. ಮಳಗಿಯ ಗೋದಾಮಿನ ಮುಂದೆ ಇಳಿದಾಗಲೇ ತಿಳಿದದ್ದು: ಬೂಟುಗಳು ಹಳಿಯಾಳದಲ್ಲಿ ಉಳಿದಿದ್ದವು. ಚಾಚಾ ತಮ್ಮ ಚಪ್ಪಲಿಯನ್ನು ಸೀಟಿನ ಹಿಂದೆ ಇಟ್ಟುಕೊಂಡಿದ್ದರು.

ಹಮಾಲರು ಸುಮ್ಮನಿರಲಿಲ್ಲ. "ಏನ್ರೀ ಡ್ರೈವರ್ ಸಾಹೇಬ್ರ, ಗುಡಿಗೆ ಬಂದೀರೇನ? ಹಂಗಾರ ಕಾಯಿ ಎಲ್ಲೈತ್ರಿ?"

ಚಾಚಾ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ತಮ್ಮ ಚಪ್ಪಲಿಯನ್ನು ನನ್ನ ಮುಂದೆ ಎಸೆದು, "ಹಾಕ್ಕೋ ಮಾಸ್ತರ, ಬಿಸಲಾಗ ನೆಲ ಕಾದೈತಿ," ಎಂದರು. ತಾವು ಬರಿಗಾಲಲ್ಲೇ ಚೀಲ ಎಣಿಸಲು ನಿಂತರು.

ನಾನು ಪುಸ್ತಕದ ಕನ್ನಡದಲ್ಲಿ ಮಾತನಾಡುತ್ತೇನೆಂದು ನನ್ನನ್ನು ಅವರು ಮಾಸ್ತರ ಎನ್ನುತ್ತಿದ್ದರು. ಗೇರ್ ಬದಲಿಸಲು ನಾನು ತಡಬಡಿಸಿದರೆ, "ಅದಕ್ಕೂ ದಯವಿಟ್ಟು ಅಂತೀಯೇನ? ಹಾಕೋ, ಸಿಟ್ಟಾಗೂದಿಲ್ಲ ಅದು," ಎನ್ನುತ್ತಿದ್ದರು. ತಿರುವು ಬಂದಾಗ ಮಾತ್ರ ಅವರ ಧ್ವನಿ ಇಳಿಯುತ್ತಿತ್ತು. "ಸಾವಕಾಶ ಬೇಟಾ. ಹಂಗ. ಹಂಗs."

ಪ್ರತಿ ಸಂಜೆ ಕಚೇರಿಯ ಕಟ್ಟೆಯ ಮೇಲೆ ಕುಳಿತು ಮಾಲೀಕರು ಚಾಚಾ ಅವರನ್ನು ಕೇಳುತ್ತಿದ್ದರು: "ಹೆಂಗ ಹುಡುಗ?"

"ಇನ್ನಾ ಇಲ್ರಿ ಸಾವ್ಕಾರ. ತಿರುವಿನ್ಯಾಗ ಕೈ ಭಾಳ ಬಿಗಿ ಹಿಡಿತಾನ."

ನಾನು ಕೈ ಸಡಿಲಿಸುವುದನ್ನು ಕಲಿತೆ. ಆಗ ಚಾಚಾ, ಗಾಡಿ ಹಿಂದಕ್ಕೆ ತೆಗೆದುಕೊಳ್ಳುವಾಗ ನಾನು ಒಂದೇ ಕನ್ನಡಿ ನೋಡುತ್ತೇನೆಂದರು. ಸನವಳ್ಳಿಯ ರೈಸ್ ಮಿಲ್ಲಿನ ಇಕ್ಕಟ್ಟಾದ ಅಂಗಳದಲ್ಲಿ ಅದನ್ನೂ ತಿದ್ದಿಕೊಂಡೆ. ಕೊನೆಗೆ ಬಂದ ದೂರು: "ಹಾರ್ನ್ ಭಾಳ ಮೆತ್ತಗ ಹೊಡಿತಾನ್ರಿ. ಎಮ್ಮಿ ಸೈತ ತಿರುಗಿ ನೋಡೂದಿಲ್ಲ."

ಮನೆಯಲ್ಲಿ ಊಟದ ಮುಂದೆ ಕುಳಿತು ನನ್ನ ತಪ್ಪುಗಳನ್ನು ಮನಸ್ಸಿನಲ್ಲೇ ಎಣಿಸಿಕೊಳ್ಳುತ್ತಿದ್ದೆ. ಕಲಿತವನಿಗೆ ಈ ಕೆಲಸವೂ ಬರಲಿಲ್ಲವೆಂದು ಊರವರು ಅವ್ವನ ಮುಂದೆ ಆಡುವ ಮಾತು ಕಿವಿಯಲ್ಲಿ ಮೊದಲೇ ಕೇಳಿಸುತ್ತಿತ್ತು. ಅಷ್ಟರಲ್ಲಿ ಮಾಲೀಕರು ತಾಳ್ಮೆಗೆಟ್ಟರು. ತಿಂಗಳ ಕೊನೆಯೊಳಗೆ ನಾನು ತಯಾರಾಗದಿದ್ದರೆ ಬೇರೆಯವರನ್ನು ನೋಡುವುದಾಗಿ ನನ್ನೊಬ್ಬನನ್ನೇ ಕರೆದು ಹೇಳಿದರು.

ಮರುದಿನ ಕಿರಾಣಿ ಸಾಮಾನಿನೊಂದಿಗೆ ಜೋಯಿಡಾ ಕಡೆ ಹೊರಟೆವು. ದಾಂಡೇಲಿ ದಾಟಿ ಕಾಡಿನ ರಸ್ತೆ ಹಿಡಿದ ಮೇಲೆ ಒಂದಾದ ಮೇಲೊಂದು ತಿರುವು. ಎದುರಿಗೆ ಬಸ್ಸು ಬಂದಾಗ ನಿಂತು ದಾರಿ ಕೊಟ್ಟೆ. ಇಳಿಜಾರಿನಲ್ಲಿ ಗೇರ್ ತಗ್ಗಿಸಿದೆ. "ಸಾವಕಾಶ ಬೇಟಾ" ಎಂಬ ಮಾತು ಬರುತ್ತದೆಂದು ಪ್ರತಿ ತಿರುವಿನಲ್ಲೂ ಕಾದೆ. ಬರಲಿಲ್ಲ. ಓರೆಗಣ್ಣಿನಿಂದ ನೋಡಿದರೆ, ಚಾಚಾ ಬಾಗಿಲಿಗೆ ತಲೆಯಾನಿಸಿ ನಿದ್ದೆ ಹೋಗಿದ್ದರು. ಬೇರೊಬ್ಬರು ನಡೆಸುವ ಗಾಡಿಯಲ್ಲಿ ತಮಗೆ ಕಣ್ಣು ಮುಚ್ಚುವುದೇ ಇಲ್ಲವೆಂದು ಹಿಂದೆ ಅವರೇ ಹೇಳಿದ್ದರು. ತಗ್ಗುಗಳಲ್ಲಿ ಅವರ ತಲೆ ಬಡಿಯದಿರಲೆಂದು ನಾನು ಗಾಡಿಯನ್ನು ಇನ್ನಷ್ಟು ಮೆಲ್ಲಗೆ ನಡೆಸಿದೆ.

ಆ ಸಂಜೆಯೂ ಅವರು ಮಾಲೀಕರಿಗೆ ಹೇಳಿದ್ದು, "ಇನ್ನಾ ಇಲ್ರಿ."

ನನಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು. ಮರುದಿನ ಗಾಡಿ ತೊಳೆಯಲು ಕೋಗಿಲಬನದ ಬಳಿ ಕಾಳಿ ನದಿಯ ದಂಡೆಗೆ ಇಳಿದಾಗ ಕೇಳಿಯೇಬಿಟ್ಟೆ. "ಚಾಚಾ, ನನ್ನಲ್ಲಿ ಏನು ಕೊರತೆಯಿದೆ, ದಯವಿಟ್ಟು ಸರಿಯಾಗಿ ಹೇಳಿ. ತಿಂಗಳ ಕೊನೆಗೆ ಬೇರೆಯವರನ್ನು ನೋಡುತ್ತಾರಂತೆ."

ಅವರು ಗಾಲಿಗೆ ನೀರೆರಚುವುದನ್ನು ನಿಲ್ಲಿಸಿದರು. "ಸಾವ್ಕಾರ ಹಂಗ ಅಂದ್ರ? ನನಗ ಹೇಳಲಿಲ್ಲ." ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತರು. "ನಿನ್ನಾಗ ಏನೂ ಕೊರತಿ ಇಲ್ಲ ಬೇಟಾ. ಮನ್ಯಾಗ ನಿಮ್ಮ ಚಾಚಿ ಬಂದು ಕೂಡ್ರಿ ಅಂತಾಳ. ಈ ಸೀಟ್ ಬಿಟ್ರ ಬ್ಯಾರೆ ಎಲ್ಲಿ ಕೂಡೂದು ಅಂತ ನನಗ ಗೊತ್ತಿಲ್ಲ. ಇನ್ನೊಂದು ಟ್ರಿಪ್ಪು, ಇನ್ನೊಂದು ಟ್ರಿಪ್ಪು ಅಂದ್ಕೋತ ನಿನ್ನ ಹೊಟ್ಟಿ ಮ್ಯಾಲ ಕಾಲಿಟ್ಟೆ."

ನಾನು ಒಂದು ಬಟ್ಟೆ ತೆಗೆದುಕೊಂಡು ಗಾಡಿಯ ಗಾಜು ಒರೆಸತೊಡಗಿದೆ. ಅವರು ಎದ್ದು ಇನ್ನೊಂದು ಬಟ್ಟೆಯಿಂದ ಮತ್ತೊಂದು ಬದಿಯ ಗಾಜು ಒರೆಸಿದರು.

ಸಂಜೆ ಮಾಲೀಕರು ಬಾಯಿ ತೆರೆಯುವ ಮೊದಲೇ ಚಾಚಾ ಕಟ್ಟೆಯ ಮುಂದೆ ಹೋಗಿ ನಿಂತರು. "ಗಾಡಿ ಕೊಡ್ರಿ," ಎಂದರು. ತಮ್ಮ ಅಂಗಿಯ ಜೇಬಿನಿಂದ ಕೀಲಿ ತೆಗೆದು ಮಾಲೀಕರಿಗೆ ಕೊಡದೆ ನನ್ನ ಅಂಗೈಯಲ್ಲೇ ಇಟ್ಟರು. ಎಷ್ಟೋ ದಿನಗಳಿಂದ ಕಾದಿದ್ದ ಮಾತು ಅದು. ಸಂತೋಷವೇ ಆಯಿತು, ಆದರೆ ಅವರ ಕೈ ಖಾಲಿ ಜೇಬನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿತ್ತು.

"ಸಾವ್ಕಾರ್ರ," ಎಂದೆ. ನನ್ನ ಬಾಯಿಂದ ನಮ್ಮ ಮನೆಯ ಮಾತೇ ಹೊರಟಿತು. "ಜೋಯಿಡಾದ ಅಂಗಡಿಯವರು ಕೊಂಕಣಿ ಮಾತಾಡ್ತಾರ್ರಿ, ನನಗ ಬರೂದಿಲ್ಲ. ವಾರಕ್ಕೊಮ್ಮೆ ಬುಧವಾರ ಆ ಕಡೆ ಹೋಗೂವಾಗ ಚಾಚಾ ಜೋಡಿಗೆ ಇರ್ಲಿ."

"ಅಷ್ಟು ಕಲ್ತಾಂವಗ ಕೊಂಕಣಿ ಬರೂದಿಲ್ಲೇನು?" ಎಂದು ಮಾಲೀಕರು ಗೊಣಗಿದರು. ಆಮೇಲೆ ಚಾಚಾರ ಕಡೆ ಒಮ್ಮೆ ನೋಡಿದರು. "ಆತು ತಗೋ. ಬುಧವಾರ ಒಂದs."

ಗೇಟಿನ ತನಕ ಇಬ್ಬರೂ ಒಟ್ಟಿಗೆ ನಡೆದೆವು. ಅಲ್ಲಿ ಚಾಚಾ ನಿಂತು, "ನನ್ನ ಒಂದು ಮಾತು ಕೇಳಬಾರ್ದಿತ್ತೇನ ಮಾಸ್ತರ?" ಎಂದು ಗದರಿದರು. ನಾನು ತಪ್ಪಾಯಿತೇನೋ ಎಂದು ಹೆದರಿದೆ. ಆದರೆ ಅವರು, ಇಷ್ಟು ದಿನ ನಾನು ಅವರನ್ನು ಕೇಳುತ್ತಿದ್ದುದನ್ನು ನನ್ನನ್ನು ಕೇಳಿದರು.

"ಬುಧವಾರ ಎಷ್ಟಕ್ಕ ಬರ್ಲಿ?"

"ಏಳಕ್ಕ ಬರ್ರಿ ಚಾಚಾ."

"ಏಳಕ್ಕ? ಬಿಸಲು ಏರಿರ್ತೈತಿ. ಆರಕ್ಕ ಬರ್ತೇನಿ," ಎಂದು ಚಪ್ಪಲಿ ಎಳೆಯುತ್ತ ಬಸ್ ಸ್ಟ್ಯಾಂಡಿನ ಕಡೆ ನಡೆದರು.